ವಿಂಡೋ ಮುಚ್ಚಿದ್ರೂ ಪ್ರೋಸೆಸ್ ಸಾಯ್ತಿರ್ಲಿಲ್ಲ: ಬೇರೆಯವ್ರ ಥ್ರೆಡ್ ಜೊತೆ ನನ್ನ ಅನುಭವ

ಕ್ಯಾಮೆರಾದಲ್ಲಿ ಪಾರ್ಟ್ ಚೆಕ್ ಮಾಡೋ ಒಂದು ವಿನ್‌ಫಾರ್ಮ್ಸ್ (ವಿಂಡೋಸ್‌ಗೆ ಡಾಟ್‌ನೆಟ್‌ನಲ್ಲಿ ಬರೆಯೋ) ಆಪ್ ನಂದು. ಕ್ಯಾಮೆರಾದವ್ರು ಕೊಟ್ಟಿದ್ದು ಬರೀ ಡಿಎಲ್‌ಎಲ್ (ರೆಡಿಮೇಡ್ ಕೋಡ್ ಫೈಲ್), ಸೋರ್ಸ್ ಇಲ್ಲ. ಒಂದು ಶಿಫ್ಟ್‌ನವ್ರು ಆಪ್ ಕ್ಲೋಸ್ ಮಾಡಿ ಹೋಗ್ತಾರೆ, ಮುಂದಿನವ್ರು ಬಂದು ಓಪನ್ ಮಾಡಿದ್ರೆ "ಕ್ಯಾಮೆರಾ ಬಿಜಿ", ಟಾಸ್ಕ್ ಮ್ಯಾನೇಜರ್ ನೋಡಿದ್ರೆ ಹಳೇ ಪ್ರೋಸೆಸ್ ಹಾಗೇ ಕೂತಿದೆ. ದಿನಾ ಅಲ್ಲ, ವಾರಕ್ಕೆ ಎರಡ್ಮೂರು ಸಲ. ನನ್ನ ಲ್ಯಾಪ್‌ಟಾಪಲ್ಲಂತೂ ಒಂದ್ಸಲಾನೂ ಬರ್ಲಿಲ್ಲ.

ಪ್ರೋಸೆಸ್ ಒಳಗೆ ಏನೇನು ಓಡ್ತಿದೆ ಅಂತ ತೋರ್ಸೋ ಪ್ರೋಸೆಸ್ ಎಕ್ಸ್‌ಪ್ಲೋರರ್‌ನ ಥ್ರೆಡ್ಸ್ ಟ್ಯಾಬ್ ತೆಗೆದ್ರೆ ಸ್ಟಾರ್ಟ್ ಅಡ್ರೆಸ್ ಕಾಲಂನಲ್ಲಿ ಆ ಡಿಎಲ್‌ಎಲ್ ಹೆಸರಲ್ಲೇ ನಾಲ್ಕು ಥ್ರೆಡ್ (ಒಂದೇ ಪ್ರೋಸೆಸ್ ಒಳಗೆ ಜೊತೆಜೊತೆಗೆ ಓಡೋ ಕೆಲಸಗಳು), ಅದ್ರಲ್ಲಿ ಒಂದೂ ನಾನು ಶುರು ಮಾಡಿದ್ದಲ್ಲ. ಡಂಪ್ (ಪ್ರೋಸೆಸ್‌ನ ಆ ಕ್ಷಣದ ಮೆಮೊರಿ ನಕಲು) ತಗೊಂಡು ವಿಷುಯಲ್ ಸ್ಟುಡಿಯೋದಲ್ಲಿ ಸ್ಟ್ಯಾಕ್ (ಯಾವ ಥ್ರೆಡ್ ಯಾವ ಫಂಕ್ಷನ್‌ನಲ್ಲಿದೆ ಅನ್ನೋ ಪಟ್ಟಿ) ನೋಡ್ದೆ. ವಿಂಡೋ ನೋಡ್ಕೊಳ್ಳೋ ಮೇನ್ ಥ್ರೆಡ್ ಡಿಎಲ್‌ಎಲ್‌ನ ಸ್ಟಾಪ್ ಫಂಕ್ಷನ್ ಒಳಗಿದೆ, ಕ್ಯಾಮೆರಾ ಥ್ರೆಡ್ ಮುಗೀಲಿ ಅಂತ ಕಾಯ್ತಿದೆ. ಕ್ಯಾಮೆರಾ ಥ್ರೆಡ್ ನನ್ನ ಕಾಲ್‌ಬ್ಯಾಕ್‌ನ (ಫ್ರೇಮ್ ಬಂದಾಗ ಡಿಎಲ್‌ಎಲ್ ಕರೆಯೋ ನನ್ನ ಫಂಕ್ಷನ್) ಇನ್ವೋಕ್ (ಮೇನ್ ಥ್ರೆಡ್‌ಗೆ ಕೆಲಸ ಕೊಟ್ಟು ಮುಗಿಯೋವರೆಗೂ ಕಾಯೋದು) ಒಳಗಿದೆ, ಮೇನ್ ಥ್ರೆಡ್ ಬಿಡುವಾಗ್ಲಿ ಅಂತ ಕಾಯ್ತಿದೆ. ಡೆಡ್‌ಲಾಕ್. ಇಷ್ಟು ದಿನ ಯಾರಿಗೂ ಹ್ಯಾಂಗ್ ಅನ್ನಿಸದೇ ಇದ್ದಿದ್ದಕ್ಕೆ ಕಾರಣಾನೂ ನಾನೇ, ಬೇಗ ಕ್ಲೋಸ್ ಆದ ಹಾಗೆ ಕಾಣ್ಲಿ ಅಂತ ಸ್ಟಾಪ್‌ಗಿಂತ ಮೊದ್ಲೇ ವಿಂಡೋ ಮರೆ ಮಾಡೋ ಹೈಡ್ ಕರೆದಿದ್ದೆ!

ಟರ್ಮಿನೇಟ್‌ಥ್ರೆಡ್ ಹಾಕಿ ಆ ಕ್ಯಾಮೆರಾ ಥ್ರೆಡ್ ಕೊಂದ್ಬಿಡೋಣ ಅಂತ ಒಂದು ಗಳಿಗೆ ಅನ್ನಿಸ್ತು. ಬೇಡ ಮಾರಾಯ್ರೆ, ಅದು ಹೀಪ್ ಲಾಕ್ (ಎಲ್ಲಾ ಥ್ರೆಡ್‌ಗೂ ಮೆಮೊರಿ ಹಂಚೋ ಜಾಗದ ಬೀಗ) ಹಿಡ್ಕೊಂಡಿರೋವಾಗ ಸತ್ರೆ ಲಾಕ್ ಹಾಗೇ ಉಳಿದು ಮಿಕ್ಕಿದ್ದೂ ನಿಂತು ಹೋಗತ್ತೆ.

ಇನ್ವೋಕ್ ತೆಗೆದು ಬಿಗಿನ್‌ಇನ್ವೋಕ್ (ಕಾಯದೇ ಕೆಲಸ ಕ್ಯೂಗೆ ಹಾಕಿ ಬರೋದು) ಹಾಕ್ದೆ, ಡೆಡ್‌ಲಾಕ್ ಹೋಯ್ತು, ಮೆಮೊರಿ ಏರೋಕೆ ಶುರು ಆಯ್ತು. 1920×1080 ಕಲರ್ ಫ್ರೇಮ್ ಒಂದಕ್ಕೇ ಸುಮಾರು 6 ಎಂಬಿ, ಸೆಕೆಂಡಿಗೆ 30 ಫ್ರೇಮ್, ಯುಐ (ಸ್ಕ್ರೀನ್ ತೋರ್ಸೋ ಭಾಗ) ಸ್ವಲ್ಪ ತಡ ಮಾಡಿದ್ರೂ ಎಲ್ಲಾ ಕ್ಯೂನಲ್ಲಿ ರಾಶಿ. ಈಗ ಕಾಲ್‌ಬ್ಯಾಕ್‌ನಲ್ಲಿ ಯುಐ ಹೆಸರೇ ಎತ್ತಲ್ಲ: ಫ್ರೇಮ್ ಕಾಪಿ ಮಾಡ್ಕೊಂಡು ಇಂಟರ್‌ಲಾಕ್ಡ್ ಎಕ್ಸ್‌ಚೇಂಜ್‌ನಿಂದ (ಥ್ರೆಡ್‌ಗಳು ಡಿಕ್ಕಿ ಹೊಡೀದೇ ಅದಲು ಬದಲು ಮಾಡೋ ಫಂಕ್ಷನ್) ಒಂದೇ ಒಂದು ವೇರಿಯಬಲ್‌ಗೆ ಹಾಕಿ ವಾಪಸ್. ಯುಐ ಟೈಮರ್ ಬಂದಾಗ ಅಲ್ಲಿರೋ ಹೊಸ ಫ್ರೇಮ್ ತಗೊಳತ್ತೆ, ಮಧ್ಯದ್ದು ಹೋದ್ರೆ ಹೋಗ್ಲಿ. ಕಾಲ್‌ಬ್ಯಾಕ್ ಡೆಲಿಗೇಟ್ (ಆ ಫಂಕ್ಷನ್‌ನ ತೋರ್ಸೋ ಆಬ್ಜೆಕ್ಟ್) ಕ್ಲಾಸ್‌ನ ಫೀಲ್ಡ್‌ನಲ್ಲಿ ಇಟ್ಕೊಳ್ಳಿ, ಇಲ್ಲಾಂದ್ರೆ ಜಿಸಿ (ಗಾರ್ಬೇಜ್ ಕಲೆಕ್ಟರ್, ಬೇಡದ ಮೆಮೊರಿ ತೆಗೆಯೋದು) ಗುಡಿಸ್ಕೊಂಡು ಹೋಗಿ ಯಾವಾಗ್ಲೋ ಕ್ರ್ಯಾಶ್ ಆಗತ್ತೆ.

ಸ್ಟಾಪ್‌ನ ಈಗ ಬೇರೆ ಟಾಸ್ಕ್‌ನಲ್ಲಿ ಕರೀತೀನಿ, 5 ಸೆಕೆಂಡಲ್ಲಿ ಮುಗೀಲಿಲ್ಲ ಅಂದ್ರೆ ಲಾಗ್ ಬರೆದು ಇಡೀ ಪ್ರೋಸೆಸ್ನೇ ಕಿಲ್. ಹೈಡ್ ಲೈನ್ ಕಿತ್ತು ಹಾಕ್ದೆ, "ಮುಚ್ತಾ ಇದೆ, ಸ್ವಲ್ಪ ತಾಳಿ" ಅಂತ ಒಂದು ಲೇಬಲ್ ಇದೆ ಅಲ್ಲಿ.