ನೀರು ಬೇಡದ ಎಂಜಿನ್, ಮಳೆ ಬಿಡದ ಊರು

ಶೆಡ್ಡಿನ ಬಾಗಿಲು ತೆರೆದಿದ್ದಾಗ ಮನೆಗೆ ಬರುವ ನೆಂಟರದು ಎರಡು ಖಾಯಂ ಪ್ರಶ್ನೆ. ಲೀಟರಿಗೆ ಎಷ್ಟು ಓಡುತ್ತದೆ? ಮಾರಿದರೆ ಎಷ್ಟು ಬರುತ್ತದೆ? ಎರಡಕ್ಕೂ ಏನೋ ಒಂದು ಹೇಳಿ ಕಾಫಿ ಕೊಟ್ಟು ಕಳಿಸುತ್ತೇನೆ. ಇದನ್ನು ಸಾಕುವುದಕ್ಕೆ ಎಷ್ಟು ಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆಲ್ದೂರಿನ ಕಡೆಯ ಸಣ್ಣ ಕಾಫಿ ತೋಟವೊಂದರಲ್ಲಿ 1968ರ ಕಾರ್ಮನ್ ಗಿಯಾ ಎಂಬ ಹಳೆಯ ಫೋಕ್ಸ್‌ವ್ಯಾಗನ್ ಕಾರು ಇಟ್ಟುಕೊಂಡಿರುವವನು ನಾನು. ಆ ಕೇಳದ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ.

ಮೊದಲು ಕಾರಿನ ಕುಲಗೋತ್ರ. ಕೆಳಗಿನ ಚಾಸಿ, ಎಂಜಿನ್, ಗೇರ್‌ಬಾಕ್ಸ್ ಎಲ್ಲವೂ ಫೋಕ್ಸ್‌ವ್ಯಾಗನ್ ಬೀಟಲ್‌ನ ಬಳುವಳಿ. ಮೇಲಿನ ಮೈಯ ವಿನ್ಯಾಸ ಇಟಲಿಯ ಗಿಯಾ ಸಂಸ್ಥೆಯದು. ಕಟ್ಟಿದ್ದು ಜರ್ಮನಿಯ ಓಸ್ನಾಬ್ರುಕ್‌ನಲ್ಲಿದ್ದ ಕಾರ್ಮನ್ ಕಾರ್ಖಾನೆ. 1955ರಿಂದ 1974ರವರೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಂದವು. ನನ್ನದರಲ್ಲಿ 1493 ಸಿಸಿ ಎಂಜಿನ್, 44 ಅಶ್ವಶಕ್ತಿ. ಇವತ್ತಿನ ಸಣ್ಣ ಮಾರುತಿಗೂ ಇದಕ್ಕಿಂತ ಹೆಚ್ಚು ಶಕ್ತಿಯಿದೆ. ಹಾಗಾಗಿ ಇದನ್ನು ಸ್ಪೋರ್ಟ್ಸ್ ಕಾರು ಎನ್ನುವುದು ನೋಟವನ್ನು ಕಂಡು ಮಾತ್ರ. ಓಟದಲ್ಲೂ ಸ್ಪೋರ್ಟ್ಸ್ ಕಾರು ಎನಿಸಿಕೊಂಡದ್ದು ಇದರ ದಾಯಾದಿಯಾದ ಪೋರ್ಷೆ 911. ಹಿಂದಿನ ಆಕ್ಸಲ್‌ನ ಆಚೆಗೆ ಕೂರಿಸಿದ, ಸಿಲಿಂಡರುಗಳು ಎರಡೂ ಕಡೆಗೆ ಮಲಗಿದ, ರೇಡಿಯೇಟರ್ ಇಲ್ಲದೆ ಗಾಳಿಯಿಂದಲೇ ತಣಿಯುವ ಎಂಜಿನ್ ಎರಡರಲ್ಲೂ ಇದೆ. ಅದಕ್ಕೆ ಆರು ಸಿಲಿಂಡರ್, ಇದಕ್ಕೆ ನಾಲ್ಕು. 1964ರಲ್ಲಿ ಶುರುವಾದ ಗಾಳಿ ತಂಪಿನ 911 ನಿಂತದ್ದು 1998ರಲ್ಲಿ. ಹೊಗೆ ಮತ್ತು ಸದ್ದಿನ ನಿಯಮಗಳು ಬಿಗಿಯಾದವು. ಸಿಲಿಂಡರಿಗೆ ನಾಲ್ಕು ವಾಲ್ವ್ ಇಟ್ಟರೆ ಆ ಹೆಡ್ಡನ್ನು ಬರೀ ಗಾಳಿಯಿಂದ ತಣಿಸುವುದು ಕಷ್ಟವಾಯಿತು. ತಯಾರಿಕೆ ನಿಂತ ಕೆಲವು ವರ್ಷಗಳ ಮೇಲೆ ಅದರ ಬೆಲೆ ಏರತೊಡಗಿತು. ಅದು ನಮ್ಮ ಕೈಗೆ ಎಟುಕುವ ಮಾತಲ್ಲ. ಗಿಯಾ ಎಟುಕಿತು, ಅದೂ ತುದಿಗಾಲಲ್ಲಿ ನಿಂತ ಮೇಲೆ. ಕೊಟ್ಟ ದುಡ್ಡಿಗೆ ಒಳ್ಳೆಯ ಹೊಸ ಜೀಪು ಬರುತ್ತಿತ್ತು ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ಅವರು ಹೇಳುವುದು ಸರಿ.

ಕೊಂಡದ್ದು ಅರಸೀಕೆರೆ ಕಡೆಯಿಂದ. ಇದು ಆಕಸ್ಮಿಕವಲ್ಲ. ಮಂಗಳೂರು, ಉಡುಪಿ ಕಡೆ ಇದ್ದ ಕಾರು ಎಷ್ಟೇ ಚೆಂದ ಕಂಡರೂ ಬೇಡವೆಂದು ಮೊದಲೇ ನಿಶ್ಚಯಿಸಿದ್ದೆ. ಅಲ್ಲಿ ಉಪ್ಪು ಗಾಳಿ. ನಮ್ಮ ಮೂಡಿಗೆರೆ, ಕೊಪ್ಪದ ಕಡೆಯದೂ ಬೇಡ, ಇಲ್ಲಿ ಮಳೆ. ತೆಂಗಿನ ತೋಟದ ಒಣ ಸೀಮೆಯಲ್ಲಿ ಹೆಂಚಿನ ಮಾಡಿನ ಕೆಳಗೆ ವರ್ಷಗಟ್ಟಲೆ ನಿಂತಿದ್ದ ಕಾರು, ಎಂಜಿನ್ ಕಟ್ಟಿಹೋಗಿದ್ದರೂ ಚಿಂತೆಯಿಲ್ಲ ಎಂದು ಹೋದೆ. ಎಂಜಿನ್ ನಿಜಕ್ಕೂ ಕಟ್ಟಿಹೋಗಿತ್ತು. ಮಾರುವವರಿಗೆ ಅದರದೇ ಸಂಕೋಚ, ಬೆಲೆ ಇಳಿಸಿದರು. ನನ್ನ ಜೇಬಿನಲ್ಲಿ ಇದ್ದದ್ದು ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ಮತ್ತು ಒಂದು ಸ್ಕ್ರೂಡ್ರೈವರ್.

ಅಯಸ್ಕಾಂತ ಯಾಕೆಂದರೆ, ಈ ಕಾರಿನ ಮೂತಿ. ಬೀಟಲ್‌ಗೆ ಮಡ್‌ಗಾರ್ಡ್ ಹಾಳಾದರೆ ಬೋಲ್ಟ್ ಬಿಚ್ಚಿ ಬೇರೆಯದು ಹಾಕಬಹುದು. ಗಿಯಾಕ್ಕೆ ಆ ಸೌಕರ್ಯವಿಲ್ಲ. ಮೂತಿಯೂ ಮಡ್‌ಗಾರ್ಡೂ ಮೈಗೆ ಬೆಸೆದುಕೊಂಡಿವೆ. ಕಾರ್ಖಾನೆಯಲ್ಲಿ ಹಲವು ತಗಡಿನ ತುಂಡುಗಳನ್ನು ಬೆಸುಗೆ ಹಾಕಿ, ಸಂದಿಗಳಿಗೆ ತವರದ ಮಿಶ್ರಲೋಹ ಕರಗಿಸಿ ತುಂಬಿ, ಕೈಯಲ್ಲಿ ಅರ ಹಿಡಿದು ಉಜ್ಜಿ ಆ ದುಂಡನ್ನು ತಂದಿದ್ದರು. ಅದು ಒಮ್ಮೆ ಗುದ್ದಿದರೆ ನಮ್ಮ ಕಡೆಯ ಟಿಂಕರ್ ಮಾಡುವ ಕೆಲಸವೆಂದರೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು. ದಪ್ಪ ಪುಟ್ಟಿಯ ಮೇಲೆ ಅಯಸ್ಕಾಂತ ಹಿಡಿಯುವುದಿಲ್ಲ. ಅಯಸ್ಕಾಂತವನ್ನು ಮೂತಿಯ ಮೇಲೆ ನಿಧಾನ ಎಳೆದುಕೊಂಡು ಹೋದೆ. ಹೆಡ್‌ಲೈಟಿನ ಸುತ್ತ ಹಿಡಿಯಿತು, ಗಾಳಿಕಿಂಡಿಗಳ ಬಳಿ ಹಿಡಿಯಿತು, ಎಡ ಮೂಲೆಯಲ್ಲಿ ಅಂಗೈ ಅಗಲದ ಜಾಗದಲ್ಲಿ ಮಾತ್ರ ಜಾರಿ ಕೆಳಗೆ ಬಿತ್ತು. ಅಷ್ಟು ಪರವಾಗಿಲ್ಲ. ಆಮೇಲೆ ಮಲಗಿಕೊಂಡು ಬಾಗಿಲ ಕೆಳಗೆ ಬಿಸಿ ಗಾಳಿ ಹಾಯುವ ತಗಡಿನ ಕೊಳವೆಗೆ, ಅಂದರೆ ಹೀಟರ್ ಚಾನೆಲ್‌ಗೆ, ಸ್ಕ್ರೂಡ್ರೈವರ್ ಒತ್ತಿ ನೋಡಿದೆ. ಮೈಯ ಗಟ್ಟಿತನವೆಲ್ಲ ಅದರಲ್ಲೇ ಇರುವುದು. ಗಟ್ಟಿಯಿತ್ತು. ಬ್ಯಾಟರಿ ಇಡುವ ತಟ್ಟೆ ಮಾತ್ರ ಆಸಿಡ್ ಕುಡಿದು ಜರಡಿಯಾಗಿತ್ತು. ಗಿಯಾದಲ್ಲಿ ಬ್ಯಾಟರಿ ಎಂಜಿನ್ನಿನ ಪಕ್ಕದಲ್ಲೇ ಕೂರುತ್ತದೆ. ಅವತ್ತೇ ಮುಂಗಡ ಕೊಟ್ಟೆ.

ಎಂಜಿನ್ ಬಗ್ಗೆ ಚಿಂತೆ ಬೇಡ ಎಂದದ್ದಕ್ಕೆ ಕಾರಣವಿದೆ. ಈ ಎಂಜಿನ್ ಇದ್ದ ಬೀಟಲ್ ಮೆಕ್ಸಿಕೋದಲ್ಲಿ 2003ರವರೆಗೆ ತಯಾರಾಯಿತು. ಬ್ರೆಜಿಲ್‌ನ ವ್ಯಾನುಗಳಲ್ಲಿ ಗಾಳಿ ತಂಪಿನ ಎಂಜಿನ್ 2005ರವರೆಗೂ ಇತ್ತು. ಬೀಟಲ್‌ಗಳ ಒಟ್ಟು ಸಂಖ್ಯೆಯೇ ಎರಡು ಕೋಟಿ ಹದಿನೈದು ಲಕ್ಷದ ಮೇಲೆ. ಹೀಗಾಗಿ ಪಿಸ್ಟನ್, ಬ್ಯಾರೆಲ್, ಬೇರಿಂಗ್, ವಾಲ್ವ್, ಗ್ಯಾಸ್ಕೆಟ್ ಎಲ್ಲವೂ ಈಗಲೂ ಹೊಸದಾಗಿ ಸಿಗುತ್ತವೆ. ತರಿಸುವ ಖರ್ಚು ಮತ್ತು ಸುಂಕ ಸೇರಿ ವಸ್ತುವಿನ ಬೆಲೆಗೆ ಹೆಚ್ಚುಕಡಿಮೆ ಸಮವಾಗುತ್ತದೆ, ಕಸ್ಟಮ್ಸ್‌ನಲ್ಲಿ ಪೊಟ್ಟಣ ಎಷ್ಟು ದಿನ ಮಲಗುತ್ತದೆಂದು ಹೇಳಲಾಗದು. ಆದರೂ ಒಂದು ಕೊನೆಯಿದೆ. ಮೈಯ ತಗಡಿಗೆ ಆ ಕೊನೆಯಿಲ್ಲ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದ ದುಡ್ಡಿನ ಮೂರು ಪಟ್ಟು ಎಡ ಮೂತಿ, ಬ್ಯಾಟರಿ ತಟ್ಟೆ ಮತ್ತು ನೆಲದ ಒಂದು ಭಾಗಕ್ಕೆ ಹೋಯಿತು. ಅದೂ ಹಾಸನದಲ್ಲಿ ಪುಟ್ಟಿಯ ಡಬ್ಬ ಮುಟ್ಟದೆ ತಗಡು ಬಡಿಯಬಲ್ಲ ಹಿರಿಯ ಟಿಂಕರ್ ಒಬ್ಬರು ಸಿಕ್ಕಿದ್ದರಿಂದ. ಅವರು ಹಳೆಯ ಅಂಬಾಸಡರ್ ಕಾಲದವರು. ಕೆಲಸ ಹಿಡಿಯುವ ಮೊದಲು ಹೇಳಿದ್ದು ಒಂದೇ ಮಾತು: "ಗೌಡರೇ, ಯಾವಾಗ ಆಗುತ್ತದೆ ಎಂದು ಮಾತ್ರ ಕೇಳಬೇಡಿ." ಕೇಳಲಿಲ್ಲ. ಆ ವರ್ಷದ ಕಾಫಿ ಕೊಯ್ಲು ಮುಗಿದು, ಹೂಮಳೆಯೂ ಬಿದ್ದುಹೋದ ಮೇಲೆ ಫೋನ್ ಬಂತು.

ಎಂಜಿನ್ನಿನ ಕಡೆ ನನಗೆ ಸಿಟ್ಟು ಬಂದ ಸಂಗತಿಯೊಂದಿದೆ. ಗಾಳಿ ತಂಪಿನ ಎಂಜಿನ್ ಎಂದರೆ ಸ್ಕೂಟರಿನಂತೆ ಬರೀ ಎದುರುಗಾಳಿಗೆ ಒಡ್ಡಿಕೊಂಡಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇದರಲ್ಲಿ ಡೈನಮೋದ ದಂಡಕ್ಕೇ ಒಂದು ದೊಡ್ಡ ಫ್ಯಾನ್ ಇದೆ; ಅದು ಎಳೆದ ಗಾಳಿಯನ್ನು ತಗಡಿನ ಹೊದಿಕೆಗಳು ಒಂದೊಂದು ಸಿಲಿಂಡರಿನ ರೆಕ್ಕೆಗಳ ಮೇಲೆ ಹಾಯಿಸಿ ಕೆಳಕ್ಕೆ ಬಿಡುತ್ತವೆ. ಸುತ್ತ ಇರುವ ರಬ್ಬರ್ ಪಟ್ಟಿ ಕೆಳಗಿನ ಬಿಸಿ ಗಾಳಿ ಮತ್ತೆ ಮೇಲಕ್ಕೆ ಬರದಂತೆ ತಡೆಯುತ್ತದೆ. ನನಗಿಂತ ಮುಂಚೆ ಇದನ್ನು ಬಿಚ್ಚಿದ್ದ ಯಾವುದೋ ಗ್ಯಾರೇಜಿನವರು ಅರ್ಧ ತಗಡುಗಳನ್ನು ವಾಪಸ್ ಹಾಕಿರಲೇ ಇಲ್ಲ. ಗಾಳಿ ಚೆನ್ನಾಗಿ ಆಡಲಿ ಎಂಬ ಸದುದ್ದೇಶ ಇದ್ದಿರಬೇಕು. ಫಲವೆಂದರೆ ಎಂಜಿನ್ ತನ್ನದೇ ಬಿಸಿ ಉಸಿರನ್ನು ಮತ್ತೆ ಮತ್ತೆ ಎಳೆದುಕೊಂಡು, ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗಿತ್ತು. ಆ ಕಾಲದ ಎಂಜಿನ್ನುಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ಹೊದಿಕೆಯೊಳಗೇ ಮೂರನೆಯ ಸಿಲಿಂಡರಿಗೆ ಅಡ್ಡವಾಗಿ ನಿಂತಿರುತ್ತದೆ. ಅದಕ್ಕೆ ಮೊದಲೇ ಗಾಳಿ ಕಡಿಮೆ. ಬೇರೆ ಬೇರೆ ಕಡೆಯಿಂದ ತಗಡುಗಳನ್ನು ಹುಡುಕಿ ತಂದು ಜೋಡಿಸುವುದೇ ಒಂದು ಅಧ್ಯಾಯವಾಯಿತು. ಹಳೆಯ ಬೀಟಲ್ ಕೊಳ್ಳುವವರೂ ಬಾನೆಟ್ ಎತ್ತಿದ ಕೂಡಲೇ ಇದನ್ನೇ ಮೊದಲು ನೋಡಬೇಕು. ಹೊಳೆಯುವ ಕ್ರೋಮ್ ಆಮೇಲೆ.

ಉಳಿದ ಶುಶ್ರೂಷೆ ಕಷ್ಟದ್ದಲ್ಲ. ಆಯಿಲ್ ಎರಡೂವರೆ ಲೀಟರ್ ಮಾತ್ರ. ಫಿಲ್ಟರ್ ಇಲ್ಲ, ಒಂದು ಜಾಲರಿ ಇದೆ. ಆದ್ದರಿಂದ ಐದು ಸಾವಿರ ಕಿಲೋಮೀಟರಿಗೆ ಬದಲಾಯಿಸಲೇಬೇಕು. ಅದರ ಜೊತೆಗೇ ಟ್ಯಾಪೆಟ್, ಅಂದರೆ ವಾಲ್ವಿನ ಅಂತರ ನೋಡುವ ಕೆಲಸ. ರಾತ್ರಿಯಿಡೀ ತಣ್ಣಗಾದ ಎಂಜಿನ್ನಿಗೆ ಬೆಳಿಗ್ಗೆ ಕೂತು, 0.15 ಮಿಲಿಮೀಟರಿನ ಫೀಲರ್ ಗೇಜ್ ಎಲೆಯನ್ನು ವಾಲ್ವ್ ಮತ್ತು ಅದನ್ನು ಒತ್ತುವ ರಾಕರಿನ ನಡುವೆ ತೂರಿಸಿ, ಎಣ್ಣೆ ಹಚ್ಚಿದ ಕಾಗದ ಎಳೆದಷ್ಟು ಬಿಗಿಯಿದೆಯೇ ನೋಡುವುದು. ಈ ಕೆಲಸವನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ಅಂತರ ಕಡಿಮೆಯಾಗುತ್ತಾ ಬಂದರೆ ವಾಲ್ವ್ ಹಿಗ್ಗುತ್ತಿರಬಹುದು ಎಂದು ಅರ್ಥ. ಅದು ತುಂಡಾಗಿ ಪಿಸ್ಟನ್ ಒಡೆಯುವ ಮೊದಲೇ ಗೊತ್ತಾಗುತ್ತದೆ.

ಚಾರ್ಮಾಡಿ ಘಾಟಿಗೆ ಒಯ್ದಾಗ ಇದರ ಸುಖ ಏನೆಂದು ತಿಳಿಯುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬೆಳಿಗ್ಗೆ ಬಸ್ಸುಗಳಿಗಿಂತ ಮುಂಚೆ ಇಳಿಯಬೇಕು. ಸ್ಟೀರಿಂಗ್‌ಗೆ ಪವರ್ ಇಲ್ಲ, ಬೇಕಾಗುವುದೂ ಇಲ್ಲ. ಮುಂದೆ ತೂಕವೇ ಇಲ್ಲದ್ದರಿಂದ ಎರಡು ಬೆರಳಲ್ಲಿ ತಿರುಗುತ್ತದೆ, ರಸ್ತೆಯ ಪ್ರತಿ ಜಲ್ಲಿಕಲ್ಲೂ ಅಂಗೈಗೆ ಸುದ್ದಿ ಮುಟ್ಟಿಸುತ್ತದೆ. ಸೀಟು ಎಷ್ಟು ತಗ್ಗಿನಲ್ಲಿದೆ ಎಂದರೆ ನಲವತ್ತರ ವೇಗವೇ ಎಪ್ಪತ್ತು ಎನಿಸುತ್ತದೆ. ಹಿಂದಿನ ಚಕ್ರಗಳದು ಹಳೆಯ ಸ್ವಿಂಗ್ ಆಕ್ಸಲ್. ತಿರುವಿನ ಮಧ್ಯೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಹೊರಗಿನ ಚಕ್ರ ಒಳಕ್ಕೆ ಮಡಚಿಕೊಂಡು ಬಾಲ ಬೀಸುತ್ತದೆ. ಹೀಗಾಗಿ ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಿ, ಒಳಗೆ ಹೊಕ್ಕ ಮೇಲೆ ಕಾಲು ಅಲುಗಿಸದೆ ಸಾಗಬೇಕು. ಹಳೆಯ 911 ಓಡಿಸುವವರಿಗೂ ಇದೇ ಪಾಠ, ಅಲ್ಲಿ ತಪ್ಪಿದರೆ ಬೆಲೆ ಜಾಸ್ತಿ.

ಹತ್ತುವಾಗ ಇನ್ನೊಂದು ನೆನಪಿಡಬೇಕು. ಫ್ಯಾನ್ ಎಂಜಿನ್ನಿನ ಸುತ್ತಿಗೆ ತಕ್ಕಂತೆ ತಿರುಗುತ್ತದೆ. ಪೆಟ್ರೋಲ್ ಉಳಿಸಲೆಂದು ಟಾಪ್ ಗೇರಿನಲ್ಲಿ ಏದುಸಿರು ಬಿಡಿಸಿಕೊಂಡು ಹತ್ತಿದರೆ ಶಾಖ ಹೆಚ್ಚು, ಗಾಳಿ ಕಡಿಮೆ. ಸೆಕೆಂಡ್ ಗೇರಿಗೆ ಹಾಕಿ ಎಂಜಿನ್ ಹಾಡಲು ಬಿಟ್ಟರೆ ಅದಕ್ಕೆ ತಂಪು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿತೋ, ಅಲ್ಲೇ ನಿಲ್ಲಿಸಬೇಕು: ಬೆಲ್ಟ್ ಹರಿದಿದ್ದರೆ ಚಾರ್ಜ್ ಮಾತ್ರವಲ್ಲ, ಫ್ಯಾನೂ ನಿಂತಿರುತ್ತದೆ. ನನ್ನ ಡಿಕ್ಕಿಯಲ್ಲಿ ಒಂದು ಹೊಸ ಬೆಲ್ಟ್, 21ರ ಸ್ಪ್ಯಾನರ್, ಪುಲ್ಲಿ ತಿರುಗದಂತೆ ತಡೆಯಲು ಒಂದು ಸ್ಕ್ರೂಡ್ರೈವರ್ ಸದಾ ಇರುತ್ತವೆ. ಪುಲ್ಲಿಯ ಎರಡು ಹೋಳುಗಳ ನಡುವಿನ ವಾಷರುಗಳನ್ನು ತೆಗೆದರೆ ಬೆಲ್ಟ್ ಬಿಗಿ, ಸೇರಿಸಿದರೆ ಸಡಿಲ. ಅಷ್ಟೇ ವಿದ್ಯೆ.

ಇನ್ನು ಮಳೆ. ಮೃಗಶಿರೆ ಹಿಡಿಯುವ ಹೊತ್ತಿಗೆ ಕಾರನ್ನು ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸುತ್ತೇನೆ. ಇಳಿಸುವುದು ದೀಪಾವಳಿಯ ಆಸುಪಾಸು. ಅಂದರೆ ವರ್ಷದ ಹೆಚ್ಚುಕಡಿಮೆ ಐದು ತಿಂಗಳು ಇದು ಓಡುವುದೇ ಇಲ್ಲ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಒಳಗೆ ಬೆವರಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ತೇವ ಕುಡಿದ ಪಾರ್ಚ್‌ಮೆಂಟ್ ಕಾಫಿ ಗೋದಾಮಿನಲ್ಲಿ ಬಿಳಿಚಿಕೊಳ್ಳುವುದನ್ನು ಕಂಡ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೆಡ್ಡಿನ ನೆಲವನ್ನು ಅಂಗಳಕ್ಕಿಂತ ಎತ್ತರಿಸಿ, ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿದೆ. ಗೋಡೆಯ ಮೇಲ್ಭಾಗದಲ್ಲಿ ಜಾಲರಿ ಕಿಂಡಿ. ಹೆಗ್ಗಣ ಬಂದರೆ ವೈರಿಂಗ್ ಮುಗಿಯಿತು, ಹಾಗಾಗಿ ಜಾಲರಿ ಸಣ್ಣ ಕಣ್ಣಿನದೇ ಆಗಬೇಕು. ತೇವ ಹೀರುವ ಯಂತ್ರವೂ ಇದೆ; ಆದರೆ ಆರಿದ್ರ, ಪುನರ್ವಸು ಹೊಡೆಯುವಾಗ ನಮ್ಮಲ್ಲಿ ಕರೆಂಟ್ ಇರುವುದಾದರೂ ಯಾವಾಗ? ಒಟ್ಟಿನಲ್ಲಿ ಶೆಡ್ಡಿಗೆ ಆದ ಖರ್ಚು ಎಂಜಿನ್ನಿಗೆ ಆದದ್ದಕ್ಕಿಂತ ಹೆಚ್ಚು. ನೀರಿನ ಹಂಗೇ ಇಲ್ಲದ ಎಂಜಿನ್ ಇಟ್ಟುಕೊಂಡು ನಾನು ದುಡ್ಡು ಸುರಿದದ್ದೆಲ್ಲ ನೀರಿನ ವಿರುದ್ಧ.

ನಿಂತ ಕಾರನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ ಎಂದು ಸಲಹೆ ಕೊಡುವವರು ಬಹಳ. ನಾನು ಒಪ್ಪುವುದಿಲ್ಲ. ಐದು ನಿಮಿಷದಲ್ಲಿ ಆಯಿಲ್ ಕಾಯುವುದಿಲ್ಲ. ಸೈಲೆನ್ಸರಿನಲ್ಲೂ ಕ್ರ್ಯಾಂಕ್‌ಕೇಸಿನಲ್ಲೂ ನೀರು ಕೂರುತ್ತದೆ. ಓಡಿಸುವುದಾದರೆ ಪೂರ್ತಿ ಬಿಸಿಯಾಗುವಷ್ಟು ಓಡಿಸಬೇಕು, ಇಲ್ಲದಿದ್ದರೆ ಹೊಸ ಆಯಿಲ್ ತುಂಬಿಸಿ ಸುಮ್ಮನೆ ಬಿಡಬೇಕು.

ಪೆಟ್ರೋಲ್ ಪೈಪಿನ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಈ ಕಾರುಗಳಲ್ಲಿ ಪೆಟ್ರೋಲ್ ಪೈಪು ಬಿಸಿ ಎಂಜಿನ್ನಿನ ಮೇಲೆಯೇ ಹಾಯುತ್ತದೆ. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂಕುಗಳಿಗೆ ಬಂದ ಮೇಲೆ ಹಳೆಯ ರಬ್ಬರ್ ಪೈಪುಗಳು ಊದಿ ಬಿರುಕು ಬಿಡುತ್ತವೆ. ಬಿರುಕಿನಿಂದ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮೇಲೆ ತೊಟ್ಟಿಕ್ಕಿದರೆ ಬೆಂಕಿಯೇ. ಎಷ್ಟೋ ಹಳೆಯ ಫೋಕ್ಸ್‌ವ್ಯಾಗನ್‌ಗಳು ಸುಟ್ಟುಹೋದದ್ದು ಹೀಗೆಯೇ. ಎಥೆನಾಲ್ ತಡೆಯುವ ಪೈಪನ್ನು ಕ್ಲಿಪ್ಪುಗಳ ಸಮೇತ ಹಾಕಿಸಿದ್ದೇನೆ, ಆದರೂ ಪ್ರತಿ ವರ್ಷ ಬದಲಿಸುತ್ತೇನೆ. ಇಡೀ ಕಾರಿನಲ್ಲಿ ಅತಿ ಅಗ್ಗದ ಖರ್ಚು ಇದೇ.

ಕಾಗದಪತ್ರಕ್ಕೆ ಬಂದರೆ ಎರಡು ದಾರಿ. 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರ್ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷ ಊರ್ಜಿತ, ನವೀಕರಣಕ್ಕೆ 5,000. ಲೆಕ್ಕ ಹಾಕಿದರೆ ಅಗ್ಗ. ಆದರೆ ಆಮೇಲೆ ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥ ಕಾರಣಗಳಿಗಲ್ಲದೆ ರಸ್ತೆಗಿಳಿಸುವಂತಿಲ್ಲ. ಕೊಟ್ಟಿಗೆಹಾರದ ನೀರುದೋಸೆ ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ನಾನು ಮಾಮೂಲಿ ನೋಂದಣಿಯಲ್ಲೇ ಇದ್ದೇನೆ. ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಿ ನವೀಕರಣ. 20 ವರ್ಷ ಮೀರಿದ ಕಾರಿಗೆ ಆ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ.

2025ರ ಆರಂಭದಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ ಕಾರುಗಳ ಆಮದಿಗೆ ದಾರಿ ಸಡಿಲಿಸಿದ ಮೇಲೆ ಸಕಲೇಶಪುರದ ನನ್ನ ಷಡ್ಡಕನಿಗೆ ಹೊರದೇಶದಿಂದ ಹಳೆಯ 911 ತರಿಸುವ ಹುಚ್ಚು ಹತ್ತಿದೆ. ಸುಂಕ, ತೆರಿಗೆ ಸೇರಿದರೆ ಕಾರಿನ ಬೆಲೆಯನ್ನೂ ಮೀರುತ್ತದೆ ಎಂದೆ. ಕಾಫಿಗೆ ಒಳ್ಳೆಯ ಧಾರಣೆ ಸಿಕ್ಕಿರುವಾಗ ಅವನು ಯಾಕೆ ಕೇಳಿಯಾನು? "ಹೋಗಲಿ ಭಾವ, ಮೊದಲು ಏನು ಮಾಡಲಿ ಹೇಳಿ" ಎಂದ. ಶೆಡ್ ಕಟ್ಟಿಸು ಎಂದೆ. ಕಳೆದ ವಾರ ಪಾಯ ತೋಡಿಸಿದ್ದಾನೆ. ಕಾರು ಯಾವ ವರ್ಷದ್ದು ಎಂಬುದು ಇನ್ನೂ ತೀರ್ಮಾನವಾಗಿಲ್ಲ.