ಮೊದಲು ಮಲೆ, ಆಮೇಲೆ ಕಡಲು: ಕಾಸರಗೋಡಿಗೆ ಎರಡು ದಿನದ ಪ್ರವಾಸ ಹೀಗೆ ಮಾಡಿ

ಬೇಕಲ ಕೋಟೆ ನೋಡದ ಕರಾವಳಿಯವರು ಕಡಿಮೆ. ಆದರೆ ಹೆಚ್ಚಿನವರು ಅಲ್ಲಿ ಮಾಡುವುದೇನು? ಮಧ್ಯಾಹ್ನದ ಸುಡುಬಿಸಿಲಿಗೆ ಕೋಟೆ ಸುತ್ತಿ, ನಾಲ್ಕು ಫೋಟೊ ತೆಗೆದು, ಐಸ್‌ಕ್ರೀಮ್ ತಿಂದು ವಾಪಸ್ ಹೊರಡುತ್ತಾರೆ. ಅದೇ ಜಿಲ್ಲೆಯಲ್ಲಿ ಆನೆ ಓಡಾಡುವ ಕಾಡಿದೆ, ಹುಲ್ಲು ಹಾಸಿದ ಬೆಟ್ಟವಿದೆ, ಕಡಲಾಮೆ ಬಂದು ಮೊಟ್ಟೆ ಇಡುವ ತೀರವಿದೆ. ಕಾಸರಗೋಡಿನಲ್ಲಿ ರಾಷ್ಟ್ರೀಯ ಉದ್ಯಾನ ಇಲ್ಲ, ಸಫಾರಿ ಜೀಪೂ ಇಲ್ಲ. ಇಲ್ಲಿನ ಕಾಡುಜೀವಿಗಳಿಗೆ ಬೇಲಿಯಿಲ್ಲ, ಊರಿನ ಪಕ್ಕದಲ್ಲೇ ಅವುಗಳ ಬದುಕು. ಹಾಗಾಗಿ ನಿಮಗೆ ಏನು ಕಾಣಸಿಗುತ್ತದೆ ಎಂಬುದು ನೀವು ಹೋಗುವ ಹೊತ್ತು ಮತ್ತು ಅಲ್ಲಿ ನಡೆದುಕೊಳ್ಳುವ ರೀತಿಯ ಮೇಲೆ ನಿಂತಿದೆ.

ತಿಂಗಳು ಯಾವುದು?

ನವೆಂಬರ್‌ನಿಂದ ಜನವರಿ. ಬೇರೆ ತಿಂಗಳಲ್ಲಿ ಹೋಗಬಾರದು ಅಂತಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವ ಹಾಗಿಲ್ಲ, ಕಾಡಿನ ದಾರಿ ಜಾರುತ್ತದೆ, ಉಂಬಳದ ಕಾಟ ಬೇರೆ. ಮಾರ್ಚ್ ಬಂತೆಂದರೆ ಹುಲ್ಲೆಲ್ಲ ಒಣಗಿ ಬೆಟ್ಟ ಬೋಳಾಗುತ್ತದೆ, ಬೆಂಕಿಯ ಭಯವೂ ಇರುತ್ತದೆ. ನವೆಂಬರ್ ಹೊತ್ತಿಗೆ ಹಸಿರು ಇನ್ನೂ ಉಳಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಕಡಲಾಮೆ ತೀರಕ್ಕೆ ಬರುವುದೂ, ಕಡಲ ಹದ್ದು ಗೂಡು ಕಟ್ಟುವುದೂ ಹೆಚ್ಚು ಕಡಿಮೆ ಇದೇ ಸಮಯದಲ್ಲಿ.

ಉಳಿಯುವುದು ಕಾಞಂಗಾಡಿನಲ್ಲಿ

ಮಂಗಳೂರು ಕಡೆಯವರು ರೈಲಿನಲ್ಲಿ ಬರುವುದು ಸುಲಭ. ಬೇಕಲ ಕೋಟೆಗೆ ಅದರದ್ದೇ ಹೆಸರಿನ ಸ್ಟೇಷನ್ ಇದೆ, ಆದರೆ ಎಲ್ಲ ರೈಲು ಅಲ್ಲಿ ನಿಲ್ಲುವುದಿಲ್ಲ. ಕಾಞಂಗಾಡಿನಲ್ಲಿ ಇಳಿದು ಅಲ್ಲೇ ರೂಮ್ ಮಾಡಿದರೆ ಮಲೆಗೂ ಕಡಲಿಗೂ ಅನುಕೂಲ. ಸುಳ್ಯದವರು ಕಾಸರಗೋಡು ಸುತ್ತಿ ಬರುವ ಅಗತ್ಯವೇ ಇಲ್ಲ. ಆಲೆಟ್ಟಿ, ಕಲ್ಲಪಳ್ಳಿಯಾಗಿ ಪಾಣತ್ತೂರಿಗೆ ಬಂದರೆ ರಾಣಿಪುರ ಹತ್ತಿರವೇ ಸಿಗುತ್ತದೆ. ಭಾಗಮಂಡಲದಿಂದ ಕರಿಕೆ ಮೂಲಕ ಇಳಿಯುವ ದಾರಿಯೂ ಉಂಟು.

ಚಂದ್ರಗಿರಿ ಹೊಳೆ ದಾಟಿ ತೆಂಕಣಕ್ಕೆ ಹೋದಂತೆ ಕನ್ನಡ ಬೋರ್ಡು ಕಡಿಮೆಯಾಗುತ್ತದೆ. ಬಸ್ಸಿನ ಬೋರ್ಡು ಓದಲು ಬಾರದಿದ್ದರೆ ಚಿಂತೆ ಬೇಡ, ಕಂಡಕ್ಟರನ್ನು ಕೇಳಿ. ಕಾಸರಗೋಡಿನಿಂದ ಬೇಕಲಕ್ಕೆ ಹೋಗುವವರು ಮಾತ್ರ "ಚಂದ್ರಗಿರಿ ರೋಡಾ?" ಅಂತ ಕೇಳಿಯೇ ಹತ್ತಬೇಕು. ಹೆದ್ದಾರಿಯಲ್ಲಿ ಪೆರಿಯದ ಮೇಲೆ ಹೋಗುವ ಬಸ್ಸು ಬೇಕಲ ಮುಟ್ಟುವುದಿಲ್ಲ.

ಮೊದಲ ದಿನ: ರಾಣಿಪುರ

ಕಾಞಂಗಾಡಿನಿಂದ ಮೂಡಣಕ್ಕೆ ರಾಜಪುರಂ, ಪನತ್ತಡಿಯಾಗಿ ಸುಮಾರು 45 ಕಿಲೋಮೀಟರ್. ಮೊದಲು ಮಾಡತ್ತುಮಲೆ ಎಂದು ಕರೆಯುತ್ತಿದ್ದ ಈ ಜಾಗ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಹಿಂದಿನ ದಿನವೇ ದಾರಿ ತೆರೆದಿದೆಯಾ ಎಂದು ವಿಚಾರಿಸಿಕೊಳ್ಳಿ. ಜೋರು ಮಳೆ ಇದ್ದರೆ, ಆನೆ ಬಂದಿದ್ದರೆ ಹತ್ತಲು ಬಿಡುವುದಿಲ್ಲ.

ಕಾಞಂಗಾಡಿನಿಂದ ಬೆಳಕು ಹರಿಯುವ ಮೊದಲೇ ಹೊರಡಿ. ಅರಣ್ಯ ಇಲಾಖೆಯ ಕೌಂಟರ್‌ನಲ್ಲಿ ಟಿಕೆಟ್ ತೆಗೆದುಕೊಂಡು ಹತ್ತಬೇಕು. ಬೇಗ ಹತ್ತಿದಷ್ಟೂ ಬಿಸಿಲು ಕಡಿಮೆ, ಜನರ ಗಲಾಟೆ ಕಡಿಮೆ, ಹಕ್ಕಿಗಳ ಸದ್ದು ಜಾಸ್ತಿ.

ಚೀಲದಲ್ಲಿ ಏನಿರಬೇಕು? ಸ್ಟೀಲ್ ಬಾಟಲಿಯಲ್ಲಿ ನೀರು, ಬಾಳೆಎಲೆಯಲ್ಲಿ ಕಟ್ಟಿದ ಬುತ್ತಿ, ಒಂದು ಬಟ್ಟೆಯ ತುಂಡಿನಲ್ಲಿ ಉಪ್ಪು. ಪ್ಲಾಸ್ಟಿಕ್ ತರಲೇಬೇಡಿ. ಕುರ್ಕುರೆ ಪ್ಯಾಕೆಟ್ಟಿಗೆ ಉಪ್ಪು ಅಂಟಿರುತ್ತದೆ. ಜಿಂಕೆಯೋ ಕಾಡುಕೋಣವೋ ಅದನ್ನು ನೆಕ್ಕುತ್ತಾ ಪ್ಯಾಕೆಟ್ಟನ್ನೇ ನುಂಗುತ್ತದೆ. ಬಟ್ಟೆ ಮಾಸಲು ಬಣ್ಣದ್ದಿರಲಿ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ತುರುಕಿಕೊಳ್ಳಿ.

ಉಂಬಳ ಹತ್ತಿದರೆ ಗಾಬರಿಯಾಗಿ ಕಿತ್ತೆಳೆಯಬೇಡಿ. ಉಗುರಿನಿಂದ ಮೆಲ್ಲನೆ ಬದಿಗೆ ಜಾರಿಸಿ, ಅಥವಾ ಉಪ್ಪು ಮುಟ್ಟಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಬಿದ್ದ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತಲೇ ಇರುತ್ತದೆ. ತೊಳೆದು, ಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು.

ಮೊದಲು ಸಿಗುವುದು ದಟ್ಟ ಶೋಲಾ ಕಾಡು, ಅಂದರೆ ಬೆಟ್ಟದ ಹುಲ್ಲುಗಾವಲಿನ ನಡುವೆ ತಗ್ಗುಗಳಲ್ಲಿ ಬೆಳೆಯುವ ಕಾಡು. ಬಿಸಿಲು ನೆಲ ಮುಟ್ಟುವುದೇ ಕಷ್ಟ. ಇಲ್ಲಿ ನಿಧಾನವಾಗಿ ನಡೆಯಿರಿ, ಮಾತು ಕಡಿಮೆ ಮಾಡಿ, ಮೊಬೈಲ್‌ನಲ್ಲಿ ಹಾಡು ಬೇಡವೇ ಬೇಡ. ದಾರಿಯಲ್ಲಿ ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ಆನೆ ಹತ್ತಿರದಲ್ಲೇ ಇದೆ ಎಂದು ಅರ್ಥ. ಇಲ್ಲಿನ ಕಾಡು ಕೊಡಗಿನ ಕಾಡಿಗೆ ಸೇರಿಕೊಂಡೇ ಇದೆ. ಆನೆಗಳು ರಾಜ್ಯದ ಗಡಿ ನೋಡುವುದಿಲ್ಲ, ಅಲ್ವಾ? ಫೋಟೊದ ಆಸೆ ಬಿಟ್ಟು ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಿರುಗಿ. ಎಷ್ಟು ದೂರದಿಂದ ಬಂದಿದ್ದರೂ ಸರಿ, ಇದರಲ್ಲಿ ರಾಜಿ ಇಲ್ಲ.

ಕಾಡು ಮುಗಿದ ಕೂಡಲೇ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಕೊನೆಯ ಏರು ಕಲ್ಲುಬಂಡೆಯದ್ದು, ಗಾಳಿ ಜೋರು, ಮಕ್ಕಳ ಕೈ ಬಿಡಬೇಡಿ. ಮೇಲೆ ಕೂತು ನೋಡಿದರೆ ಮೂಡಣಕ್ಕೆ ಕೊಡಗಿನ ಬೆಟ್ಟಸಾಲು. ಕಾಸರಗೋಡು ಪೇಟೆಯ ಪಕ್ಕ ಕಡಲು ಸೇರುವ ಚಂದ್ರಗಿರಿ ಹೊಳೆ ಹುಟ್ಟುವುದು ಆ ಕೊಡಗಿನ ಬೆಟ್ಟಗಳಲ್ಲೇ. ಶೋಲಾ ಕಾಡು ಮತ್ತು ಹುಲ್ಲು ಸೇರಿ ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಗೆಯವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಮಲೆಯನ್ನು ಮೊದಲು ನೋಡಿ ಎಂದು ನಾನು ಹೇಳುವುದು ಇದಕ್ಕೇ. ಮರುದಿನ ಕಡಲ ತೀರದಲ್ಲಿ ನಿಂತಾಗ, ಕಡಲು ಸೇರುವ ಹೊಳೆಯ ನೀರು ಎಲ್ಲಿಂದ ಬಂತೆಂದು ಗೊತ್ತಿರುತ್ತದೆ.

ಮಧ್ಯಾಹ್ನದೊಳಗೆ ಇಳಿದುಬಿಡಿ. ಮತ್ತೆ ಕಾಞಂಗಾಡಿಗೆ ಬಂದು ಊಟ, ಸ್ವಲ್ಪ ನಿದ್ದೆ.

ಎರಡನೇ ದಿನ: ಕಡಲು

ಮೊಬೈಲ್‌ನಲ್ಲಿ ಭರತ–ಇಳಿತದ ಸಮಯ ನೋಡಿಕೊಳ್ಳಿ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಇಳಿದಿರುವಾಗ, ಬೆಳಿಗ್ಗೆಯೇ ಆದರೆ ಇನ್ನೂ ಒಳ್ಳೆಯದು, ಬೇಕಲದ ತೀರದಲ್ಲಿ ನಡೆಯಿರಿ.

ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು ಸಾಲಾಗಿ ಬಿದ್ದಿರುವುದನ್ನು ನೋಡಿರುತ್ತೀರಿ. ನಡುವೆ ಒಂದು ಚಿಕ್ಕ ತೂತು. ಅಲ್ಲಿ ಕುಕ್ಕರಗಾಲಲ್ಲಿ ಕೂತು ಅಲುಗಾಡದೆ ಕಾಯಿರಿ. ಉಗುರಿನಷ್ಟಿರುವ ಏಡಿ ಹೊರಗೆ ಬರುತ್ತದೆ. ಎರಡೂ ಕೊಂಬಿನಿಂದ ಮರಳು ಎತ್ತಿ ಬಾಯಿಗೆ ಹಾಕುತ್ತದೆ, ಅದರಲ್ಲಿರುವ ಆಹಾರವನ್ನಷ್ಟೇ ಸೋಸಿಕೊಂಡು ಉಳಿದ ಮರಳನ್ನು ಉಂಡೆ ಮಾಡಿ ಪಕ್ಕಕ್ಕೆ ತಳ್ಳುತ್ತದೆ. ನಿಮ್ಮ ನೆರಳು ಅಲುಗಿದರೆ ಸಾಕು, ಮಾಯ. ಮಕ್ಕಳಿಗೆ ಇದನ್ನು ತೋರಿಸಿ. ಆಮೇಲೆ ಅವರು ಸುಮ್ನೆ ಅದನ್ನು ತುಳಿದು ಓಡುವುದಿಲ್ಲ.

ಇನ್ನು ತಲೆ ಎತ್ತಿ. ಕೆಂಗಂದು ಮೈ, ಬಿಳಿ ತಲೆಯ ಗರುಡ ಎಲ್ಲರಿಗೂ ಪರಿಚಯ. ಅದಕ್ಕಿಂತ ತುಂಬಾ ದೊಡ್ಡದು, ಹೊಟ್ಟೆ ತಲೆ ಎಲ್ಲ ಬಿಳಿ, ರೆಕ್ಕೆ ಬೂದು, ಬಾಲ ಬೆಣೆಯಂತೆ ಕಂಡರೆ ಅದು ಬಿಳಿಹೊಟ್ಟೆಯ ಕಡಲ ಹದ್ದು. ಮೀನು ಮಾತ್ರವಲ್ಲ, ಕಡಲ ಹಾವನ್ನೂ ಹಿಡಿದು ತಿನ್ನುತ್ತದೆ. ತೀರದ ಹತ್ತಿರದ ಎತ್ತರದ ಮರದಲ್ಲಿ ಜೋಡಿಯಾಗಿ ಗೂಡು ಕಟ್ಟಿ, ವರ್ಷ ವರ್ಷವೂ ಅದೇ ಗೂಡಿಗೆ ಕಡ್ಡಿ ಸೇರಿಸುತ್ತಾ ಹೋಗುತ್ತದೆ. ದೊಡ್ಡ ಮರ ಕಡಿದರೆ ಅದರ ಮನೆಯೇ ಹೋದಂತೆ. 2023ರಲ್ಲಿ ಕಾಸರಗೋಡು ಇದನ್ನು ಜಿಲ್ಲೆಯ ಹಕ್ಕಿಯೆಂದು ಘೋಷಿಸಿತು. ಚಂದ್ರಗಿರಿ ಹೊಳೆಯಲ್ಲಿರುವ, ಮೃದು ಚಿಪ್ಪಿನ ದೊಡ್ಡ ಆಮೆಗೂ ಆಗಲೇ ಜಿಲ್ಲೆಯ ಜೀವಿ ಎಂಬ ಗೌರವ ಸಿಕ್ಕಿತು. ಜಿಲ್ಲೆಯ ಮರ ಕಾಸರಕ.

ನೀರಿಗೆ ಇಳಿಯುವವರು ಮೊಣಕಾಲಿನ ಆಳ ದಾಟಬೇಡಿ. ಸೆಳೆತಕ್ಕೆ ಸಿಕ್ಕಿದರೆ ನೇರ ದಡದ ಕಡೆ ಈಜಲು ಹೋಗಿ ಸುಸ್ತಾಗಬೇಡಿ. ದಡಕ್ಕೆ ಸಮನಾಗಿ ಬದಿಗೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬನ್ನಿ.

ಬಿಸಿಲು ಏರಿದ ಮೇಲೆ ಬೊಂಡ ಕುಡಿದು ವಿಶ್ರಾಂತಿ. ನಾಲ್ಕು ಗಂಟೆಯ ಮೇಲೆ ಕೋಟೆ. ಕೆಳದಿಯ ಶಿವಪ್ಪನಾಯಕನ ಕಾಲದ್ದು, 17ನೇ ಶತಮಾನದ್ದು. 40 ಎಕರೆ ಅಂದರೆ ತಿರುಗಲು ಒಂದೂವರೆ ಗಂಟೆಯಾದರೂ ಬೇಕು. ವೀಕ್ಷಣಾ ಗೋಪುರಕ್ಕೆ ಮೊದಲು ಹತ್ತಿ, ಕಡಲ ಕಡೆಯ ಬುರುಜನ್ನು ಕೊನೆಗೆ ಇಟ್ಟುಕೊಳ್ಳಿ.

ಇನ್ನೊಂದು ದಿನ ಸಿಕ್ಕಿದರೆ

ಕುಂಬಳೆ ಕಡೆ ಹೋಗಿ. ಧರ್ಮತ್ತಡ್ಕದ ಹತ್ತಿರ ಪೊಸಡಿ ಗುಂಪೆ ಇದೆ, ಎತ್ತರ 1,060 ಅಡಿ. ವಯಸ್ಸಾದವರಿಗೂ ನಿಧಾನಕ್ಕೆ ಹತ್ತಲು ಆಗುತ್ತದೆ, ತಿಳಿ ದಿನದಲ್ಲಿ ಕಡಲು ಕಾಣುತ್ತದೆ. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿದೆ. ಕಾಣಲೇಬೇಕೆಂದು ಕಲ್ಲು ಎಸೆಯುವವರಿದ್ದರೆ ತಡೆಯಿರಿ.

ಕಡಲಾಮೆ ಸಿಕ್ಕಿದರೆ

ಆಲಿವ್ ರಿಡ್ಲಿ ಆಮೆ ರಾತ್ರಿ ಹೊತ್ತು ಮರಳಿಗೆ ಬಂದು, ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಡುತ್ತದೆ. 45ರಿಂದ 60 ದಿನಕ್ಕೆ ಮರಿ ಹೊರಬರುತ್ತವೆ. ನೀಲೇಶ್ವರದ ತೈಕಡಪ್ಪುರದಲ್ಲಿ ನೈದಲ್ ಎಂಬ ಸಂಘಟನೆಯವರು ಮೊಟ್ಟೆ ಕಾಪಾಡಿ ಮರಿಗಳನ್ನು ಕಡಲಿಗೆ ಬಿಡುವ ಕೆಲಸ ಮಾಡುತ್ತಾ ಬಂದಿದ್ದಾರೆ. ನೋಡುವ ಆಸೆ ಇದ್ದರೆ ಮೊದಲೇ ಕೇಳಿಕೊಂಡು ಹೋಗಿ.

ತೀರದಲ್ಲಿ ನಿಮಗೇ ಆಮೆ ಎದುರಾದರೆ ಟಾರ್ಚ್, ಫ್ಲ್ಯಾಶ್ ಎರಡೂ ಆರಿಸಿ, ಹಿಂದೆ ಸರಿದು ಸುಮ್ನೆ ನಿಲ್ಲಿ. ಬೆಳಕು ಕಂಡರೆ ಅದು ಮೊಟ್ಟೆ ಇಡದೆಯೇ ವಾಪಸ್ ಹೋಗಬಹುದು. ಮರಿಗಳೋ ಬೆಳಕಿರುವ ಕಡೆಯೇ ಕಡಲು ಎಂದುಕೊಂಡು ರಸ್ತೆಯತ್ತ ಹರಿಯುತ್ತವೆ. ಬೆಳಿಗ್ಗೆ ಮರಳಿನಲ್ಲಿ ಆಮೆ ತೆವಳಿದ ಅಗಲ ಜಾಡು ಕಂಡರೆ ಗುಂಡಿ ಕೆದಕಬೇಡಿ, ಅಲ್ಲಿನ ಫೋಟೊ ಎಲ್ಲೂ ಹಾಕಬೇಡಿ. ಹತ್ತಿರದ ಮೀನುಗಾರರಿಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ, ಅವರು ಬರುವವರೆಗೆ ನಾಯಿ ಸುಳಿಯದಂತೆ ನೋಡಿಕೊಳ್ಳಿ.