ಕಡಲಿಲ್ಲದ ಊರಲ್ಲಿ ಕಡಲ ಬ್ಯಾಕ್ಟೀರಿಯಾ

ನನ್ನ ಕೆಲಸ ಅರಬ್ಬಿ ಸಮುದ್ರದ ಬ್ಯಾಕ್ಟೀರಿಯಾ ಮೇಲೆ. ಕೂರುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿ. ಒಂದು ಹನಿ ನೀರನ್ನೂ ನಾನು ತೆಗೆದಿಲ್ಲ. ತಾರಾ ಎಂಬ ಹಾಯಿಹಡಗು 2009ರಿಂದ 2013ರವರೆಗೆ ಸಾಗರಗಳನ್ನು ಸುತ್ತಿ ನೀರು ಸೋಸಿ ತಂದಿತ್ತು. ಅದರ ಡಿಎನ್‌ಎ ಡೇಟಾ ಯುರೋಪಿನ ಇಎನ್‌ಎ ಭಂಡಾರದಲ್ಲಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 2015ರಲ್ಲಿ ಮುಖ್ಯವಾಗಿ ಅದರ 243 ಸ್ಯಾಂಪಲ್‌ಗಳಿಂದ 4 ಕೋಟಿಗೂ ಹೆಚ್ಚು ಜೀನ್‌ಗಳ ಪಟ್ಟಿ ಹೊರಬಂತು.

ಪುಕ್ಕಟೆ ಸಿಗುತ್ತೆ ಅಂತ ನಾನು ಎರಡು ರಾತ್ರಿ ಸುಮ್ನೆ ಇಳಿಸಿಕೊಳ್ಳುತ್ತಾ ಹೋದೆ. ಫಲಿತಾಂಶ ನೋಡಿದರೆ ವಿಚಿತ್ರ. ಕಡಲಲ್ಲಿ ಎಲ್ಲೆಡೆ ತುಂಬಿಕೊಂಡಿರುವ ಸಾರ್11 ಬ್ಯಾಕ್ಟೀರಿಯಾ ಇಲ್ಲಿ ಅಲ್ಲೊಂದು ಇಲ್ಲೊಂದು. ವಾರವೆಲ್ಲ ಪ್ರೋಗ್ರಾಮನ್ನು ಬೈದೆ. ತಪ್ಪು ನನ್ನದೇ. ತಾರಾದವರು ಒಂದೇ ನೀರನ್ನು ಬೇರೆ ಬೇರೆ ಫಿಲ್ಟರ್‌ಗಳಲ್ಲಿ ಸೋಸಿದ್ದರು. ಬ್ಯಾಕ್ಟೀರಿಯಾಗೆ ಬೇಕಾದದ್ದು 0.22ರಿಂದ 1.6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ್ದು, ಇಲ್ಲವೇ 3 ಮೈಕ್ರಾನ್‌ವರೆಗಿನದ್ದು. ನಾನು ಇಳಿಸಿದ್ದು 0.8ರಿಂದ 5ರದ್ದು. ಜರಡಿಯಲ್ಲಿ ಉಳಿದ ರವೆಯಲ್ಲಿ ಹಿಟ್ಟು ಹುಡುಕಿದ ಹಾಗಾಯಿತು. ಸ್ಯಾಂಪಲ್‌ನ ವಿವರದಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿತ್ತು, ನಾನೇ ಓದಿರಲಿಲ್ಲ.

ಆಮೇಲೆ ಡಿಎನ್‌ಎ ತುಣುಕುಗಳನ್ನು ಜೋಡಿಸುವ ಕೆಲಸ. 16 ಜಿಬಿ ಲ್ಯಾಪ್‌ಟಾಪ್ ಅರ್ಧ ಗಂಟೆಯಲ್ಲಿ ಕೈ ಎತ್ತಿತು. ಊರಲ್ಲೇ ಐಐಎಸ್‌ಸಿಯಲ್ಲಿ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರ್ ಇದೆ. ನನಗೆ ಸಿಕ್ಕಿದ್ದು ಬೇರೆ ಕಡೆಯ ಒಂದು ಚಿಕ್ಕ ಕ್ಲಸ್ಟರ್, ಅಂದರೆ ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ ಗುಂಪು, ಹತ್ತಾರು ಜನ ಹಂಚಿಕೊಂಡದ್ದು. ಇರಲಿ ಅಂತ 500 ಜಿಬಿ ಮೆಮೊರಿ ಕೇಳಿ ಜಾಬ್ (ಕಂಪ್ಯೂಟರಿಗೆ ಒಪ್ಪಿಸುವ ಕೆಲಸ) ಹಾಕಿದೆ. ನಾಲ್ಕು ದಿನ ಕ್ಯೂನಲ್ಲೇ ಕೂತಿತ್ತು. ಕ್ಲಸ್ಟರ್ ನೋಡಿಕೊಳ್ಳುವವರು ಕೇಳಿದರು: "ಹೋದ ಸಲದ ಜಾಬ್ ನಿಜವಾಗಿ ಎಷ್ಟು ತಗೊಂಡಿತ್ತು, ನೋಡಿದ್ರಾ ಮೇಡಂ?" ನೋಡಿದರೆ 90 ಜಿಬಿ! 120ಕ್ಕೆ ಇಳಿಸಿದೆ, ಅವತ್ತೇ ರಾತ್ರಿ ಶುರುವಾಯಿತು. ದೊಡ್ಡ ಜಾಬ್‌ಗಳ ನಡುವಿನ ಸಂದಿಯಲ್ಲಿ ಚಿಕ್ಕದು ನುಸುಳುತ್ತದೆ, ಅಲ್ವಾ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಿಕೊಡಲಿಲ್ಲ. ತುಣುಕು ಜೋಡಿಸುವ ಪ್ರೋಗ್ರಾಮ್ ಮೆಗಾಹಿಟ್‌ಗೆ ಎಷ್ಟು ಮೆಮೊರಿ ಅಂತ ನಾವು ಹೇಳದಿದ್ದರೆ ಇಡೀ ಯಂತ್ರದ ಮೆಮೊರಿಯಲ್ಲಿ ನೂರಕ್ಕೆ 90 ತನ್ನದು ಅಂದುಕೊಳ್ಳುತ್ತದೆ. ಹಂಚಿಕೊಂಡ ಯಂತ್ರದಲ್ಲಿ ಅದು ನಮ್ಮ ಪಾಲನ್ನು ದಾಟುತ್ತದೆ, ಜಾಬ್ ಸಾಯುತ್ತದೆ. ಈಗ ನಾನು ಎಷ್ಟು ಅಂತ ಆಜ್ಞೆಯಲ್ಲೇ ಬರೆಯುತ್ತೇನೆ, ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆ.

ನಮ್ಮ ಗುಂಪಿನ ನಾಲ್ಕು ಜನರೂ ಒಂದೇ ಡೇಟಾಬೇಸನ್ನು ಬೇರೆ ಬೇರೆ ಇಟ್ಟುಕೊಂಡಿದ್ದೆವು. ಅದನ್ನು ಒಂದೇ ಫೋಲ್ಡರಿಗೆ ತಂದೆವು, ಓದಲು ಮಾತ್ರ. ಪಕ್ಕದಲ್ಲೇ ಒಂದು ಪಟ್ಟಿ: ಸ್ಯಾಂಪಲ್ ನಂಬರ್, ಆಳ, ಫಿಲ್ಟರ್ ಅಳತೆ.

ಸರಿಯಾದ ಫಿಲ್ಟರ್‌ನ ಡೇಟಾದಲ್ಲಿ ಸಾರ್11 ಈಗ ರಾಶಿ ರಾಶಿ ಸಿಗುತ್ತಿದೆ. ಆದರೆ ಅದರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಮಾತ್ರ ಜೋಡಣೆಯಾಗುತ್ತಿಲ್ಲ, ಚೂರು ಚೂರಾಗಿಯೇ ಬರುತ್ತದೆ. ಒಂದೇ ನೀರಲ್ಲಿ ಅದರ ದಾಯಾದಿಗಳು ಜಾಸ್ತಿ, ಯಾವ ತುಣುಕು ಯಾರದ್ದು ಅಂತ ಪ್ರೋಗ್ರಾಮಿಗೆ ಗೊತ್ತಾಗುವುದಿಲ್ಲ. ಈ ವಾರವೆಲ್ಲ ಅದೇ ತಲೆನೋವು.